ಕಂಡವರು, ಹಿಡಿದವರು, ಅಳಿಸಿದವರು

ಕ್ರಿ.ಶ. 1492ರಲ್ಲಿ ಕೊಲಂಬಸನು ಅಮೆರಿಕ ಖಂಡವನ್ನು ಕಂಡುಹಿಡಿದನು; ಕಾಲಾನಂತರದಲ್ಲಿ ಅಲ್ಲಿಯ ಮೂಲನಿವಾಸಿಗಳು ರೋಗರುಜಿನಗಳಿಗೆ ತುತ್ತಾಗಿ ಅಳಿದುಹೋದರು. ಈ ಅರ್ಥದ ಎರಡು ವಾಕ್ಯಗಳನ್ನು ನಾವೆಲ್ಲ ಓದಿ ಬಂದಿದ್ದೇವೆ, ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೇವೆ, ಈಗ ಮಕ್ಕಳಿಗೂ ಹೇಳಿಕೊಡುತ್ತಿದ್ದೇವೆ. ವಸಾಹತುಶಾಹಿಯನ್ನು ಕುರಿತು ಕನ್ನಡದಲ್ಲಿ ಸಿದ್ಧವಾಗುವ ಸಂಶೋಧನ ಪ್ರಬಂಧಗಳ ಪೀಠಿಕೆಗಳಲ್ಲಿಯೂ ಇವೇ ವಾಕ್ಯಗಳು ಅಲ್ಪಸ್ವಲ್ಪ ವೇಷ ಬದಲಿಸಿಕೊಂಡು ಬಂದು ಕೂರುತ್ತವೆ. ಆಳುವವರ ಭಾಷೆಯನ್ನು ಪ್ರಶ್ನಿಸಬೇಕೆಂದು ಸಾರುವ ಪ್ರಬಂಧವೇ ತನ್ನ ಮೊದಲ ಪುಟದಲ್ಲಿ ಆಳುವವರ ಕ್ರಿಯಾಪದವನ್ನು ಎರವಲು ತರುತ್ತದೆ ಎಂಬುದು ವಿಷಾದದ ಸಂಗತಿ.

ಈ ಎರಡು ವಾಕ್ಯಗಳ ವ್ಯಾಕರಣವನ್ನು ಸ್ವಲ್ಪ ನೋಡೋಣ. ಮೊದಲನೆಯದು ಸಕರ್ಮಕ. ಅಲ್ಲಿ ಕರ್ತೃವಿದ್ದಾನೆ, ಅವನಿಗೊಂದು ಹೆಸರಿದೆ, ಕಾರ್ಯಕ್ಕೊಂದು ಇಸವಿಯಿದೆ. ಎರಡನೆಯದು ಅಕರ್ಮಕ. ಅಲ್ಲಿ ಅಳಿದವರಿದ್ದಾರೆ, ಅಳಿಸಿದವರು ಯಾರೂ ಇಲ್ಲ. ಇಸವಿಯ ಬದಲಿಗೆ 'ಕಾಲಾನಂತರ' ಎಂಬ ಮಂಜು ಮುಸುಕಿದೆ. ಕೀರ್ತಿ ಸಲ್ಲಬೇಕಾದ ಕಡೆ ಕರ್ತೃಪದವನ್ನು ಮುಂದಿಟ್ಟು, ಹೊಣೆ ಹೊರಬೇಕಾದ ಕಡೆ ಅದನ್ನು ಲೋಪಮಾಡುವ ಈ ರಚನೆ ನಿರುಪದ್ರವಿಯಾದದ್ದೆಂದು ನಾನು ಒಪ್ಪಲಾರೆ. ಯಾರು ನಿರಪರಾಧಿಗಳು ಎಂಬ ತೀರ್ಪನ್ನು ವಿಚಾರಣೆಯಿಲ್ಲದೆಯೇ ಕ್ರಿಯಾಪದಗಳ ಮೂಲಕ ಕೊಟ್ಟುಬಿಡುವ ರಚನೆಯಿದು. ಈ ಎರಡು ಕ್ರಿಯಾಪದಗಳನ್ನೂ ಕನ್ನಡದ ಚರಿತ್ರೆಯ ಬರವಣಿಗೆ ಕೈಬಿಡಬೇಕು ಎಂಬುದೇ ಈ ಲೇಖನದ ವಾದ.

'ಕಂಡುಹಿಡಿ' ಎಂಬ ಪದದಿಂದ ಆರಂಭಿಸುತ್ತೇನೆ. 'ಕಂಡು' ಎಂಬ ಕೃದಂತಾವ್ಯಯಕ್ಕೆ 'ಹಿಡಿ' ಎಂಬ ಧಾತು ಸೇರಿ ಆದ ಪದವಿದು. ರೂಢಿಯಲ್ಲಿ ಅದಕ್ಕೆ ಹೊಸದನ್ನು ಅರಿವಿಗೆ ತರುವುದೆಂಬ ಅರ್ಥ ನಿಂತಿದ್ದರೂ ಅಮೆರಿಕದ ಮಟ್ಟಿಗೆ ಪದದ ಎರಡು ಭಾಗಗಳೂ ಅಕ್ಷರಶಃ ನಡೆದವು. 1492ರ ಅಕ್ಟೋಬರ್ 12ರಂದು ಬಹಾಮಾಸ್ ದ್ವೀಪಸಮೂಹದ ಒಂದು ನಡುಗಡ್ಡೆಯಲ್ಲಿ ಇಳಿದ ಕೊಲಂಬಸ್ ಕಂಡದ್ದು ಜನ ಬಾಳುತ್ತಿದ್ದ ನೆಲವನ್ನು. ತೈನೊ ಭಾಷೆಯ ಆ ಜನ ತಮ್ಮ ದ್ವೀಪವನ್ನು ಗ್ವಾನಹಾನಿ ಎಂದು ಕರೆಯುತ್ತಿದ್ದರು. ಅವನು ಸ್ಪೇನಿನ ದೊರೆಗಳ ಧ್ವಜವನ್ನು ಎತ್ತಿ, ದಾಖಲೆ ಬರೆಯುವ ಲಿಪಿಕಾರನನ್ನು ಸಾಕ್ಷಿಯಾಗಿಟ್ಟುಕೊಂಡು, ಆ ನೆಲ ತನ್ನ ದೊರೆಗಳದಾಯಿತೆಂದು ಘೋಷಿಸಿ, ಅದಕ್ಕೆ ಸಾನ್ ಸಾಲ್ವಡೋರ್ ಎಂದು ಹೊಸ ಹೆಸರಿಟ್ಟನು. ಅವನ ಮೂಲ ದಿನಚರಿ ಕಳೆದುಹೋಗಿದೆ. ನಮಗೆ ಉಳಿದಿರುವುದು ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಪಾದ್ರಿ ಮಾಡಿಕೊಂಡ ಸಂಗ್ರಹ. ಈ ಜನ ಒಳ್ಳೆಯ ಸೇವಕರಾಗಬಲ್ಲರು, ಕೇವಲ 50 ಮಂದಿ ಸೈನಿಕರಿದ್ದರೆ ಇವರೆಲ್ಲರನ್ನೂ ಅಧೀನದಲ್ಲಿ ಇಟ್ಟುಕೊಳ್ಳಬಹುದು ಎಂಬ ಲೆಕ್ಕಾಚಾರ ಆ ಸಂಗ್ರಹದ ಮೊದಲ ಕೆಲವು ದಿನಗಳಲ್ಲಿಯೇ ಕಾಣುತ್ತದೆ. ಅಷ್ಟರಲ್ಲಿಯೇ ಅವನು ಕೆಲವರನ್ನು ಸೆರೆಹಿಡಿದು ಹಡಗಿಗೆ ಹತ್ತಿಸಿಕೊಂಡಿದ್ದನು. ಕಾಣುವುದಕ್ಕೂ ಹಿಡಿಯುವುದಕ್ಕೂ ನಡುವೆ ವಾರದ ಅಂತರವೂ ಇರಲಿಲ್ಲ.

ಐರೋಪ್ಯರ ದೃಷ್ಟಿಯಿಂದ ಅದು ಶೋಧವೇ ತಾನೆ, ಒಂದು ಪದಕ್ಕೆ ಇಷ್ಟು ರಂಪವೇಕೆ ಎಂದು ಕೇಳುವವರಿದ್ದಾರೆ. ಐರೋಪ್ಯರ ದೃಷ್ಟಿಯಿಂದಲೂ ಅದು ಮೊದಲ ಶೋಧವಲ್ಲ. ನಾರ್ಸ್ ನಾವಿಕರು ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಮನೆ ಕಟ್ಟಿಕೊಂಡಿದ್ದರು. ಅಲ್ಲಿ ಸಿಕ್ಕ ಮರದ ತುಂಡುಗಳನ್ನು ಕಡಿದದ್ದು 1021ರಲ್ಲಿ ಎಂದು ವಿಜ್ಞಾನಿಗಳು ನಿರ್ಧರಿಸಿದ್ದಾರೆ. ಆದರೆ ನನ್ನ ಆಕ್ಷೇಪ ಯಾರು ಮೊದಲಿಗರು ಎಂಬ ಪಂದ್ಯವನ್ನು ಕುರಿತದ್ದಲ್ಲ. ಯೂರೋಪಿನಲ್ಲಿ 'ಶೋಧ' ಎಂಬುದು ಭೂಗೋಳದ ಪದವಾಗಿರುವುದರ ಜೊತೆಗೆ ಆಸ್ತಿಯ ಪದವೂ ಆಗಿತ್ತು. 1493ರ ಮೇ ತಿಂಗಳಲ್ಲಿ ಪೋಪ್ ಆರನೆಯ ಅಲೆಕ್ಸಾಂಡರ್ ಹೊರಡಿಸಿದ ಆಜ್ಞಾಪತ್ರ, ಆಗಲೇ ಕಂಡಿದ್ದ ಮತ್ತು ಇನ್ನು ಮುಂದೆ ಕಾಣಲಿದ್ದ ನೆಲಗಳನ್ನೆಲ್ಲ ಸ್ಪೇನಿನ ಅರಸರಿಗೆ ದಾನ ಮಾಡಿತು. ಮರುವರ್ಷದ ಟೋರ್ಡೆಸಿಯಾಸ್ ಒಪ್ಪಂದದಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ಲುಗಳು ಅಟ್ಲಾಂಟಿಕ್ ಸಾಗರದ ನಡುವೆ ಒಂದು ಗೆರೆ ಎಳೆದು, ಪಶ್ಚಿಮ ಒಬ್ಬರಿಗೆ, ಪೂರ್ವ ಇನ್ನೊಬ್ಬರಿಗೆ ಎಂದು ಹಂಚಿಕೊಂಡವು. ಆ ಗೆರೆಯ ಪೂರ್ವಕ್ಕೆ ಇದ್ದವರಲ್ಲಿ ನಾವೂ ಸೇರಿದ್ದೆವು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು, 1510ರಲ್ಲಿ ಗೋವೆ ಪೋರ್ಚುಗೀಸರ ವಶವಾದದ್ದು ಅದೇ ಒಪ್ಪಂದದ ಇನ್ನೊಂದು ಪಾಲು. ಅರಬರೂ ಗುಜರಾತಿಗಳೂ ತಲೆಮಾರುಗಳಿಂದ ಓಡಾಡುತ್ತಿದ್ದ ಕಡಲಿನಲ್ಲಿ ಗಾಮನು ಜಲಮಾರ್ಗವನ್ನು 'ಕಂಡುಹಿಡಿದನು' ಎಂಬ ಮಾತನ್ನು ಕೇಳಿದಾಗ ನಮ್ಮಲ್ಲಿ ಅನೇಕರಿಗೆ ಸಿಟ್ಟು ಬರುತ್ತದೆ. ಆ ಸಿಟ್ಟು ನ್ಯಾಯವಾದದ್ದೇ. ತೈನೊ ಜನರ ಪಾಲಿಗೆ ಅದೇ ಸಿಟ್ಟು ನಮಗೆ ಏಕೆ ಬರುವುದಿಲ್ಲ ಎಂಬುದನ್ನು ಕೇಳಿಕೊಳ್ಳಬೇಕು.

1513ರಲ್ಲಿ ಈ ದಾನಕ್ಕೆ ಒಂದು ವಿಧಿಯೂ ಹುಟ್ಟಿಕೊಂಡಿತು. ಸ್ಪೇನಿನ ನ್ಯಾಯವಿದನೊಬ್ಬ ಸಿದ್ಧಪಡಿಸಿದ 'ರೆಕೆರಿಮಿಯೆಂತೊ' ಎಂಬ ಹೇಳಿಕೆಯನ್ನು ದಾಳಿಗೆ ಮುಂಚೆ ಅಲ್ಲಿಯ ಜನರಿಗೆ ಓದಿ ಹೇಳಬೇಕಾಗಿತ್ತು. ಪೋಪನ ಅಧಿಕಾರವನ್ನೂ ಅರಸನ ಒಡೆತನವನ್ನೂ ಒಪ್ಪಿದರೆ ಸರಿ, ಒಪ್ಪದಿದ್ದರೆ ಮುಂದೆ ಆಗುವ ಸಾವುನೋವುಗಳ ಹೊಣೆ ನಿಮ್ಮದೇ ಎಂಬುದು ಅದರ ಸಾರ. ಅದನ್ನು ಓದುತ್ತಿದ್ದುದು ಕೇಳುವವರಿಗೆ ತಿಳಿಯದ ಭಾಷೆಯಲ್ಲಿ. ಕೆಲವೊಮ್ಮೆ ಹಡಗಿನ ಮೇಲಿನಿಂದ, ಕೆಲವೊಮ್ಮೆ ಜನರು ಬಿಟ್ಟೋಡಿದ ಬರಿದಾದ ಊರುಗಳ ಎದುರು. ಇದನ್ನು ಕಂಡು ನಗಬೇಕೋ ಅಳಬೇಕೋ ತಿಳಿಯಲಿಲ್ಲವೆಂದು ಲಾಸ್ ಕಾಸಾಸನೇ ಬರೆದಿದ್ದಾನೆ. ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ಪಠ್ಯವಿದು. ಕೊಲ್ಲುವವನು ಕೊಲ್ಲುವ ಮುಂಚೆಯೇ ಕರ್ತೃಪದವನ್ನು ವರ್ಗಾಯಿಸಿಬಿಡುವ ಇಂಥ ಬರಹ ಪ್ರಪಂಚದಲ್ಲಿ ವಿರಳ. ನಮ್ಮ 'ಅಳಿದುಹೋದರು' ಎಂಬ ವಾಕ್ಯ ಅದರ ದೂರದ ಸಂತಾನವೆಂದರೆ ಅತಿಶಯೋಕ್ತಿಯಾಗದು.

ಇದೆಲ್ಲ ಹಳೆಯ ಕಥೆಯೆಂದು ತಳ್ಳಿಹಾಕುವಂತೆಯೂ ಇಲ್ಲ. 1823ರಲ್ಲಿ ಜಾನ್ಸನ್ ವಿರುದ್ಧ ಮ್ಯಾಕಿಂಟಾಷ್ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಶೋಧದಿಂದಲೇ ಒಡೆತನ ಹುಟ್ಟುತ್ತದೆ, ಮೂಲನಿವಾಸಿಗಳಿಗೆ ಇರುವುದು ವಾಸದ ಹಕ್ಕು ಮಾತ್ರ ಎಂದು ತೀರ್ಪಿತ್ತಿತು. 2005ರಲ್ಲಿ ಒನೈಡಾ ಜನರ ಭೂಮಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿಯೂ ಅದೇ ನ್ಯಾಯಾಲಯ ಈ 'ಶೋಧ ಸಿದ್ಧಾಂತ'ವನ್ನು ಉಲ್ಲೇಖಿಸಿತು. ವ್ಯಾಟಿಕನ್ ಈ ಸಿದ್ಧಾಂತವನ್ನು ತಾನು ನಿರಾಕರಿಸುವುದಾಗಿ ಔಪಚಾರಿಕವಾಗಿ ಹೇಳಿದ್ದು 2023ರ ಮಾರ್ಚ್ 30ರಂದು. ಪೋಪನ ಪೀಠವೇ ಬಿಟ್ಟುಕೊಟ್ಟ ಪದವನ್ನು ನಮ್ಮ ತರಗತಿಗಳು ಇನ್ನೂ ಹಿಡಿದುಕೊಂಡಿವೆ.

ಇನ್ನು 'ಅಳಿದುಹೋದರು' ಎಂಬ ಎರಡನೆಯ ಕ್ರಿಯಾಪದ. ಸಿಡುಬು, ದಡಾರ, ಶೀತಜ್ವರಗಳು ಅಮೆರಿಕದಲ್ಲಿ ಅಪಾರ ಜೀವಹಾನಿ ಮಾಡಿದವೆಂಬುದರಲ್ಲಿ ಸಂದೇಹವಿಲ್ಲ. ಕೊಲಂಬಸನ ಕಾಲಕ್ಕೆ ಎರಡೂ ಖಂಡಗಳ ಜನಸಂಖ್ಯೆ ಎಷ್ಟಿತ್ತೆಂಬುದರ ಬಗ್ಗೆ ವಿದ್ವಾಂಸರಲ್ಲಿ ದೊಡ್ಡ ವಿವಾದವಿದೆ. ಈಚಿನ ಅಂದಾಜುಗಳು ಬಹುಮಟ್ಟಿಗೆ 5ರಿಂದ 6 ಕೋಟಿಯ ಸುತ್ತ ನಿಲ್ಲುತ್ತವೆ. ಮುಂದಿನ ನೂರು ನೂರೈವತ್ತು ವರ್ಷಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಇಳಿಕೆಯಾಯಿತೆಂದು ಅವರು ಲೆಕ್ಕಹಾಕುತ್ತಾರೆ. ಇಷ್ಟು ದೊಡ್ಡ ಸಾವನ್ನು ಕತ್ತಿಯೊಂದೇ ಮಾಡಲಾರದು ಎಂಬ ಮಾತು ನಿಜ. ಆದರೆ ರೋಗವೊಂದೇ ಮಾಡಿತೆಂಬ ಮಾತು ಆ ಸತ್ಯದ ಬೆನ್ನ ಹಿಂದೆ ಅಡಗಿ ಕುಳಿತ ಸುಳ್ಳು.

ಸಾಕ್ಷ್ಯಕ್ಕೆ ದೂರ ಹೋಗಬೇಕಾಗಿಲ್ಲ. ಐರೋಪ್ಯರ ಮೊದಲ ವಸಾಹತಾದ ಹಿಸ್ಪನಿಯೋಲ ದ್ವೀಪವನ್ನೇ ನೋಡಬಹುದು. ಇಂದು ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯಗಳು ಹಂಚಿಕೊಂಡಿರುವ ನೆಲವದು. 1495ರ ಸುಮಾರಿಗೆ ಅಲ್ಲಿಯ ಬಂಗಾರದ ಸೀಮೆಯಲ್ಲಿ 14 ವರ್ಷ ತುಂಬಿದ ಪ್ರತಿಯೊಬ್ಬ ತೈನೊ ಮೂರು ತಿಂಗಳಿಗೊಮ್ಮೆ ಒಂದು ಗೆಜ್ಜೆಯ ತುಂಬ ಬಂಗಾರದ ಹುಡಿಯನ್ನು ಒಪ್ಪಿಸಬೇಕೆಂದು ಕೊಲಂಬಸ್ ಕಟ್ಟಳೆ ಮಾಡಿದನು. ಅದೇ ವರ್ಷ ಸುಮಾರು 500 ಜನರನ್ನು ಗುಲಾಮರನ್ನಾಗಿ ಸ್ಪೇನಿಗೆ ಸಾಗಿಸಲಾಯಿತು. ಅವರಲ್ಲಿ ಸುಮಾರು 200 ಮಂದಿ ಕಡಲಿನಲ್ಲಿಯೇ ಸತ್ತರು. 1503ರಲ್ಲಿ ರಾಜ್ಯಪಾಲ ಓವಾಂಡೊ ಹರಾಗ್ವಾ ಸೀಮೆಗೆ ಅತಿಥಿಯಾಗಿ ಹೋಗಿ, ತನ್ನನ್ನು ಸತ್ಕರಿಸಲು ನೆರೆದಿದ್ದ ನಾಯಕರನ್ನು ಒಂದು ಮನೆಯೊಳಗೆ ಕೂಡಿಹಾಕಿ ಸುಡಿಸಿದನು. ಆ ಸೀಮೆಯ ಒಡತಿ ಅನಕಾವೋನ 'ಅರೆಯ್ತೊ' ಎಂಬ ಹಾಡುಗಬ್ಬಗಳನ್ನು ಕಟ್ಟುವುದರಲ್ಲಿ ಹೆಸರಾಗಿದ್ದಳೆಂದು ಸ್ಪೇನಿನ ಬರಹಗಾರರೇ ಹೇಳುತ್ತಾರೆ. ಆಕೆಯನ್ನು ಗಲ್ಲಿಗೇರಿಸಲಾಯಿತು. ಆಕೆಯ ಹಾಡುಗಳಲ್ಲಿ ಒಂದೂ ಉಳಿದಿಲ್ಲ.

ಅದೇ 1503ರಿಂದ 'ಎಂಕೊಮಿಯೆಂಡ' ಎಂಬ ಪದ್ಧತಿಗೆ ಅಧಿಕೃತ ಒಪ್ಪಿಗೆ ದೊರೆಯಿತು. ಊರುಊರಿನ ಜನರನ್ನು ಸ್ಪೇನಿಗರಿಗೆ ಹಂಚಿಕೊಟ್ಟು, ಗಣಿಯಲ್ಲಿಯೂ ಹೊಲದಲ್ಲಿಯೂ ಬಿಟ್ಟಿ ದುಡಿಸಿಕೊಳ್ಳುವ ವ್ಯವಸ್ಥೆಯಿದು. ತಮ್ಮ ಹೊಲಗಳನ್ನು ಬಿತ್ತಲು ಗಂಡಸರಿಲ್ಲದೆ ಊರುಗಳು ಹಸಿದವು. 1511ರಲ್ಲಿ ಮೊಂಟೆಸಿನೋಸ್ ಎಂಬ ಪಾದ್ರಿ ಸಾಂಟೊ ಡೊಮಿಂಗೊ ನಗರದ ಇಗರ್ಜಿಯಲ್ಲಿ ತನ್ನ ದೇಶದವರನ್ನು ಎದುರಿಗೆ ಕೂಡಿಸಿಕೊಂಡೇ ಈ ಕ್ರೌರ್ಯವನ್ನು ಖಂಡಿಸಿದನು. 1514ರಲ್ಲಿ ಹಂಚಿಕೆಗಾಗಿ ಎಣಿಕೆ ಮಾಡಿದಾಗ ಇಡೀ ದ್ವೀಪದಲ್ಲಿ ಉಳಿದಿದ್ದ ತೈನೊಗಳು ಸುಮಾರು 26,000 ಮಾತ್ರ. ಮೂಲತಃ ಅವರು ಎಷ್ಟಿದ್ದರೆಂಬುದಕ್ಕೆ ಅತ್ಯಂತ ಕಡಿಮೆ ಅಂದಾಜನ್ನು ಒಪ್ಪಿಕೊಂಡರೂ ಇದು ಭೀಕರ ಕುಸಿತ. ದಾಖಲಾದ ಮೊದಲ ಸಿಡುಬಿನ ಪಿಡುಗು ಆ ದ್ವೀಪಕ್ಕೆ ಬಂದದ್ದಾದರೋ 1518ರ ಕೊನೆಯಲ್ಲಿ. ಅದಕ್ಕೆ ಮುಂಚೆ ಬೇರೆ ಜ್ವರಗಳು ಇದ್ದಿರಬಹುದು. ಆದರೆ ಸಿಡುಬು ಬಂದಾಗ ಆ ಸಮಾಜ ಆಗಲೇ ಮುರಿದು ಬಿದ್ದಿತ್ತು. ಹಸಿದ, ದುಡಿದು ಸೊರಗಿದ, ಮನೆ ಮಕ್ಕಳಿಂದ ಅಗಲಿದ ಜನರ ಮೇಲೆ ಅದು ಎರಗಿತು. ರೋಗಾಣುವಿಗೆ ಕರ್ತೃತ್ವವನ್ನು ಕೊಟ್ಟು ಕೈತೊಳೆದುಕೊಳ್ಳುವವರು ಈ ಎರಡು ಇಸವಿಗಳ ನಡುವಿನ ನಾಲ್ಕು ವರ್ಷಗಳಿಗೆ ಉತ್ತರ ಹೇಳಬೇಕು.

ಮುಖ್ಯಭೂಮಿಯ ಕಥೆಯೂ ಬೇರೆಯಲ್ಲ. 1520ರಲ್ಲಿ ಮೆಕ್ಸಿಕೊವನ್ನು ಸಿಡುಬು ಹೊಕ್ಕಿತು. ಮರುವರ್ಷ ಕೊರ್ಟೆಸ್ ಟೆನೊಚ್‌ಟಿಟ್ಲಾನ್ ನಗರವನ್ನು ಮುತ್ತಿ, ಸಿಹಿನೀರಿನ ಕಾಲುವೆಯನ್ನು ಕಡಿಸಿ, ಆಹಾರದ ದಾರಿಗಳನ್ನು ಮುಚ್ಚಿಸಿ, 1521ರ ಆಗಸ್ಟ್ 13ರಂದು ಅದನ್ನು ಗೆದ್ದನು. ಪೆರುವಿನ ಸೀಮೆಯ ಪೊಟೊಸಿಯಲ್ಲಿ 1545ರಲ್ಲಿ ಬೆಳ್ಳಿ ಸಿಕ್ಕಿತು. 1570ರ ದಶಕದಲ್ಲಿ ವೈಸರಾಯ್ ಟೊಲೆಡೊ, ಇಂಕಾ ಜನರದ್ದೇ ಆಗಿದ್ದ 'ಮಿತ' ಎಂಬ ಸರದಿ ದುಡಿಮೆಯ ಪದ್ಧತಿಯನ್ನು ತಿರುಚಿ, ವರ್ಷವರ್ಷವೂ ಸುಮಾರು 13,000 ಮಂದಿಯನ್ನು ಆ ಬೆಟ್ಟದೊಳಕ್ಕೆ ಇಳಿಸುವ ಏರ್ಪಾಡು ಮಾಡಿದನು. ಅದು ಎರಡು ಶತಮಾನಗಳನ್ನೂ ಮೀರಿ ನಡೆಯಿತು. ಕನ್ನಡದಲ್ಲಿ 'ದುಡಿ' ಎಂಬುದಕ್ಕೆ 'ಇಸು' ಪ್ರತ್ಯಯ ಹತ್ತಿದರೆ 'ದುಡಿಸು' ಆಗುತ್ತದೆ. 'ಇಳಿ'ಗೆ ಹತ್ತಿದರೆ 'ಇಳಿಸು'. 'ಅಳಿ'ಗೆ ಹತ್ತಿದರೆ 'ಅಳಿಸು'. ಪ್ರೇರಣಾರ್ಥವನ್ನು ಹೇಳಲು ನಮ್ಮ ಭಾಷೆಗೆ ಒಂದೇ ಒಂದು ಪ್ರತ್ಯಯ ಸಾಕು. ಪೊಟೊಸಿಯ ಜನ ದುಡಿಯಲಿಲ್ಲ, ಅವರನ್ನು ದುಡಿಸಲಾಯಿತು. ಈ ಪ್ರತ್ಯಯವನ್ನು ಬಿಟ್ಟು ಬರೆದ ಅಮೆರಿಕದ ಚರಿತ್ರೆ ವ್ಯಾಕರಣಶುದ್ಧವಾಗಿರಬಹುದು, ಸತ್ಯಶುದ್ಧವಾಗಿರಲಾರದು.

ಇಲ್ಲಿ ಮತ್ತೊಂದು ಆಕ್ಷೇಪ ಏಳುತ್ತದೆ: ಅಜ್ಟೆಕರೇನು ಸಾಧುಗಳೇ? ನರಬಲಿ ಕೊಡುತ್ತಿರಲಿಲ್ಲವೇ? ನೆರೆಯವರನ್ನು ತುಳಿಯುತ್ತಿರಲಿಲ್ಲವೇ? ಕೊಡುತ್ತಿದ್ದರು, ತುಳಿಯುತ್ತಲೂ ಇದ್ದರು. ಅವರಿಂದ ನೊಂದ ತ್ಲಾಸ್ಕಲದವರು ಸಾವಿರಾರು ಸಂಖ್ಯೆಯಲ್ಲಿ ಕೊರ್ಟೆಸನ ಪಕ್ಷಕ್ಕೆ ಸೇರದಿದ್ದರೆ ಬೆರಳೆಣಿಕೆಯ ಸ್ಪೇನಿಗರು ಆ ನಗರವನ್ನು ಗೆಲ್ಲುತ್ತಿರಲಿಲ್ಲ. ಮೂಲನಿವಾಸಿಗಳನ್ನು ಮುಗ್ಧ ಮಕ್ಕಳಂತೆ ಚಿತ್ರಿಸುವುದು ಅವರಿಗೆ ಮಾಡುವ ಮತ್ತೊಂದು ಅವಮಾನ. ಅವರಿಗೂ ರಾಜಕೀಯವಿತ್ತು, ಲೆಕ್ಕಾಚಾರವಿತ್ತು, ತಪ್ಪುಗಳಿದ್ದವು. ಆದರೆ ಒಬ್ಬನ ಪಾಪದಿಂದ ಇನ್ನೊಬ್ಬನ ಒಡೆತನ ಹುಟ್ಟುವುದಿಲ್ಲ. ನರಬಲಿಯನ್ನೇ ಅರಿಯದ ತೈನೊಗಳಿಗೂ ಅದೇ ಗತಿ ಒದಗಿತೆಂಬುದನ್ನು ನೋಡಿದರೆ, ಈ ವಾದ ದಾಳಿಗೆ ಕಾರಣವಾಗಿರದೆ ದಾಳಿಯಾದ ಮೇಲೆ ಹುಡುಕಿದ ಸಮರ್ಥನೆಯೆಂಬುದು ಸ್ಪಷ್ಟವಾಗುತ್ತದೆ.

1550ರಲ್ಲಿ ವಯ್ಯಾಡೊಲಿಡ್ ನಗರದಲ್ಲಿ ಲಾಸ್ ಕಾಸಾಸ್ ಮತ್ತು ಸೆಪುಲ್ವೆಡ ಎಂಬ ಪಂಡಿತರ ನಡುವೆ ನಡೆದ ವಾದವನ್ನು ನಮ್ಮ ಬರಹಗಾರರು ಮೆಚ್ಚಿ ಉಲ್ಲೇಖಿಸುತ್ತಾರೆ. ಮೂಲನಿವಾಸಿಗಳು ಹುಟ್ಟುಗುಲಾಮರೆಂದು ಒಬ್ಬ, ವಿವೇಕವುಳ್ಳ ಮನುಷ್ಯರೆಂದು ಇನ್ನೊಬ್ಬ. ಒಂದು ಸಾಮ್ರಾಜ್ಯ ತನ್ನನ್ನು ತಾನೇ ಪ್ರಶ್ನಿಸಿಕೊಂಡಿತಲ್ಲ ಎಂಬುದು ಮೆಚ್ಚುಗೆಯ ಕಾರಣ. ಲಾಸ್ ಕಾಸಾಸನ ಧೈರ್ಯವನ್ನು ನಾನೂ ಗೌರವಿಸುತ್ತೇನೆ. ಸ್ವತಃ ಎಂಕೊಮಿಯೆಂಡದ ಒಡೆಯನಾಗಿದ್ದು ಅದನ್ನು ಬಿಟ್ಟುಕೊಟ್ಟವನು ಅವನು. ಆದರೆ ಆ ಸಭೆಯಲ್ಲಿ ಒಬ್ಬನೇ ಒಬ್ಬ ಮೂಲನಿವಾಸಿ ಮಾತನಾಡಲಿಲ್ಲ. ನಾವು ಇಂದಿಗೂ ಆ ಸಭೆಯ ಪ್ರೇಕ್ಷಕರ ಸಾಲಿನಲ್ಲಿಯೇ ಕುಳಿತಿದ್ದೇವೆ. ಪರವಾಗಿ ಮಾತನಾಡಿದ ಐರೋಪ್ಯನನ್ನೂ ವಿರುದ್ಧವಾಗಿ ಮಾತನಾಡಿದ ಐರೋಪ್ಯನನ್ನೂ ಓದುತ್ತೇವೆ. ಯಾರನ್ನು ಕುರಿತು ವಾದ ನಡೆಯಿತೋ ಅವರನ್ನು ಓದುವುದಿಲ್ಲ.

ಓದಲು ಅವರು ಬರೆದದ್ದೇನಿದೆ ಎಂಬ ಉತ್ತರ ಸಿದ್ಧವಾಗಿದೆ. ಬರೆದದ್ದಿತ್ತು, ಸುಡಲಾಯಿತು. 1562ರ ಜುಲೈ 12ರಂದು ಯುಕಟಾನಿನ ಮಾನಿ ಎಂಬ ಊರಿನಲ್ಲಿ ಡಿಯೆಗೊ ದೆ ಲಾಂಡಾ ಎಂಬ ಪಾದ್ರಿ ಮಾಯಾ ಜನರ ಗ್ರಂಥಗಳನ್ನು ರಾಶಿ ಹಾಕಿಸಿ ಬೆಂಕಿಗೆ ಕೊಟ್ಟನು. ಅದನ್ನು ಕಂಡು ಜನ ಬಹಳ ಸಂಕಟಪಟ್ಟರೆಂದು ಅವನೇ ದಾಖಲಿಸಿದ್ದಾನೆ. ನೂರಾರು ವರ್ಷಗಳ ಲಿಪಿಪರಂಪರೆಯಿದ್ದ ಆ ಜನರ ಗ್ರಂಥಗಳಲ್ಲಿ ಇಂದು ಪ್ರಪಂಚದಲ್ಲಿ ಉಳಿದಿರುವುದು ನಾಲ್ಕು ಮಾತ್ರ. ಅವುಗಳಲ್ಲಿ ಮೂರು ಡ್ರೆಸ್ಡೆನ್, ಮ್ಯಾಡ್ರಿಡ್, ಪ್ಯಾರಿಸ್ ನಗರಗಳಲ್ಲಿವೆ. ತಾಳೆಗರಿಯ ಒಂದು ಕಟ್ಟು ಗೆದ್ದಲಿಗೆ ತುತ್ತಾದರೆ ಮರುಗುವ ನಾವು ಈ ನಷ್ಟದ ಪ್ರಮಾಣವನ್ನು ಬೇರೆಯವರಿಗಿಂತ ಚೆನ್ನಾಗಿ ಅರಿಯಬಲ್ಲೆವು. ಗ್ರಂಥಗಳನ್ನು ಸುಟ್ಟು, ಆಮೇಲೆ ಇವರಿಗೆ ಗ್ರಂಥಗಳಿಲ್ಲವೆಂದು ಹೇಳಿ, ಗ್ರಂಥವಿಲ್ಲದವರಿಗೆ ಚರಿತ್ರೆಯಿಲ್ಲವೆಂದು ತೀರ್ಮಾನಿಸುವುದು ತರ್ಕವಾಗದು. ಅದು ಸುಟ್ಟವನ ಕೆಲಸವನ್ನು ಪೂರ್ಣಗೊಳಿಸುವುದು.

ಇಷ್ಟಾದರೂ ಉಳಿದದ್ದು ಅಲ್ಪವಲ್ಲ. ಗ್ವಾಟೆಮಾಲದ ಕಿಚೆ ಜನ ತಮ್ಮ ಸೃಷ್ಟಿಕಥೆಯಾದ 'ಪೊಪೊಲ್ ವುಹ್' ಅನ್ನು ಹದಿನಾರನೆಯ ಶತಮಾನದ ನಡುವಿನಲ್ಲಿ, ತಮ್ಮ ಭಾಷೆಯಲ್ಲಿಯೇ, ಆಳುವವರಿಂದ ಕಲಿತ ಲ್ಯಾಟಿನ್ ಲಿಪಿಯಲ್ಲಿ ಬರೆದಿಟ್ಟರು. ಮೆಕ್ಸಿಕೊದಲ್ಲಿ ಸಹಗುನ್ ಎಂಬ ಪಾದ್ರಿಯ ನೇತೃತ್ವದಲ್ಲಿ ಆಂಟೋನಿಯೊ ವಲೇರಿಯಾನೊ ಮೊದಲಾದ ನಹುವಾ ವಿದ್ವಾಂಸರು 1577ರ ಹೊತ್ತಿಗೆ ಹನ್ನೆರಡು ಸಂಪುಟಗಳ ಬೃಹತ್ಕೋಶವೊಂದನ್ನು ಸಿದ್ಧಪಡಿಸಿದರು. ಪುಟದ ಒಂದು ಅಂಕಣದಲ್ಲಿ ನಹುವಾಟ್ಲ್, ಇನ್ನೊಂದರಲ್ಲಿ ಸ್ಪ್ಯಾನಿಷ್. ಸ್ಪ್ಯಾನಿಷ್ ಅಂಕಣ ಎಷ್ಟೋ ಕಡೆ ನಹುವಾಟ್ಲ್ ಹೇಳಿದ್ದನ್ನು ಮೊಟಕುಗೊಳಿಸುತ್ತದೆ, ಕೆಲವೆಡೆ ಬಿಟ್ಟೇಬಿಡುತ್ತದೆ. ಅದರ ಹನ್ನೆರಡನೆಯ ಸಂಪುಟ ದಾಳಿಯನ್ನು ಸೋತವರ ಕಣ್ಣಿನಿಂದ ನಿರೂಪಿಸುತ್ತದೆ. ಅನುವಾದ ಅಧ್ಯಯನವನ್ನು ಕೈಗೊಳ್ಳುವ ಸಂಶೋಧಕರಿಗೆ ಇದಕ್ಕಿಂತ ಗಂಭೀರವಾದ ಆಕರ ಬೇಕೇ?

ಪೆರುವಿನ ಗುವಾಮನ್ ಪೋಮ ದೆ ಅಯಾಲ ಎಂಬಾತ 1615ರ ಸುಮಾರಿಗೆ ಸ್ಪೇನಿನ ದೊರೆ ಮೂರನೆಯ ಫಿಲಿಪನಿಗೆ ಒಂದು ಅಹವಾಲನ್ನು ಬರೆದನು. ಸುಮಾರು 1,200 ಪುಟಗಳು, ಅವನೇ ಬಿಡಿಸಿದ 398 ರೇಖಾಚಿತ್ರಗಳು. ಕೆಚುವಾ ಬೆರೆತ ಸ್ಪ್ಯಾನಿಷಿನಲ್ಲಿ, ಪಾದ್ರಿ ಹೊಡೆಯುವುದನ್ನು, ಅಧಿಕಾರಿ ಸುಲಿಯುವುದನ್ನು, ಗಣಿ ನುಂಗುವುದನ್ನು ಹೆಸರು ಹಿಡಿದು ಹೇಳುವ ಗ್ರಂಥವದು. ದೊರೆ ಅದನ್ನು ಓದಿದನೆಂಬುದಕ್ಕೆ ಪುರಾವೆಯಿಲ್ಲ. ಅದು 1908ರಲ್ಲಿ ಕೋಪನ್‌ಹೇಗನ್ನಿನ ರಾಜಗ್ರಂಥಾಲಯದಲ್ಲಿ ವಿದ್ವಾಂಸನೊಬ್ಬನ ಕಣ್ಣಿಗೆ ಬಿತ್ತು. ಗುವಾಮನ್ ಪೋಮನ ವಾಕ್ಯಗಳಲ್ಲಿ ಕರ್ತೃಪದ ಲೋಪವಾಗುವುದಿಲ್ಲ ಎಂಬುದನ್ನು ಗಮನಿಸಬೇಕು.

ಇನ್ನೂ ಒಂದು ಉದಾಹರಣೆ ನಮಗೆ ಹತ್ತಿರದ್ದು. ಇಂಗ್ಲಿಷ್ ಓದಲು ಬಾರದ ಸೆಕ್ವೋಯ ಎಂಬ ಚೆರೋಕಿ ಕಮ್ಮಾರ 1821ರ ಹೊತ್ತಿಗೆ ತನ್ನ ಭಾಷೆಗೆ ಪೂರ್ಣವಾದ ಲಿಪಿಯೊಂದನ್ನು ತಾನೇ ರಚಿಸಿದನು. ಒಂದೊಂದು ಅಕ್ಷರಕ್ಕೆ ಒಂದೊಂದು ಉಚ್ಚಾರಾಂಶ. ಕಾಗುಣಿತ ಬಲ್ಲ ನಮಗೆ ಅದರ ತತ್ತ್ವ ಸುಲಭವಾಗಿ ಹೊಳೆಯುತ್ತದೆ. ಆ ಜನ 1827ರಲ್ಲಿ ತಮ್ಮ ಸಂವಿಧಾನವನ್ನು ಬರೆದುಕೊಂಡರು. 1828ರಲ್ಲಿ 'ಚೆರೋಕಿ ಫೀನಿಕ್ಸ್' ಎಂಬ ದ್ವಿಭಾಷಾ ಪತ್ರಿಕೆಯನ್ನು ಹೊರತಂದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟದ್ದು 1843ರಲ್ಲಿ, ಅಂದರೆ ಹದಿನೈದು ವರ್ಷಗಳ ಅನಂತರ. 'ಕಾಡುಜನ'ರೆಂದು ನಮ್ಮ ಹಳೆಯ ಪುಸ್ತಕಗಳು ಬಣ್ಣಿಸುವ ಜನರ ಸ್ಥಿತಿಯಿದು. 1830ರಲ್ಲಿ ಅವರನ್ನು ಹೊರಹಾಕುವ ಕಾಯಿದೆ ಬಂತು. 1835ರಲ್ಲಿ ಜಾರ್ಜಿಯ ರಾಜ್ಯದ ಪಡೆ ಅವರ ಮುದ್ರಣಯಂತ್ರವನ್ನೇ ಕಿತ್ತುಕೊಂಡು ಹೋಯಿತು. 1838-39ರಲ್ಲಿ ಸುಮಾರು 16,000 ಚೆರೋಕಿಗಳನ್ನು ಮನೆಗಳಿಂದ ಎಬ್ಬಿಸಿ ಮಿಸಿಸಿಪ್ಪಿಯ ಆಚೆಗೆ ನಡೆಸಲಾಯಿತು. ದಾರಿಯಲ್ಲಿಯೂ ಶಿಬಿರಗಳಲ್ಲಿಯೂ ಸುಮಾರು 4,000 ಮಂದಿ ಸತ್ತರೆಂದು ಅಂದಾಜು. ಅವರಿಗೆ ಅಕ್ಷರವಿತ್ತು, ಪತ್ರಿಕೆಯಿತ್ತು, ಸಂವಿಧಾನವಿತ್ತು. ನಾಗರಿಕತೆಯ ಕೊರತೆ ಅವರ ನೆಲ ಹೋದದ್ದಕ್ಕೆ ಕಾರಣವಾಗಿರಲಿಲ್ಲ.

ಐರೋಪ್ಯರನ್ನು ಇಷ್ಟು ಬೈದ ಮೇಲೆ ನಮ್ಮವರ ಕಡೆಗೂ ತಿರುಗಬೇಕು. ಮಾಯಾ ಜನರೆಂದರೆ ಮಯಾಸುರನ ವಂಶದವರು, ಅಮೆರಿಕದ ದೇಗುಲಗಳನ್ನು ಕಟ್ಟಿದವರು ಭಾರತದಿಂದ ಹೋದವರು ಎಂಬಂಥ ಬರಹಗಳಿಗೆ ನಮ್ಮಲ್ಲಿ ಓದುಗರ ಕೊರತೆಯಿಲ್ಲ. 1940ರಲ್ಲಿ ಚಮನ್ ಲಾಲ್ ಎಂಬವರು 'ಹಿಂದೂ ಅಮೆರಿಕ' ಎಂಬ ಪುಸ್ತಕವನ್ನೇ ಪ್ರಕಟಿಸಿದರು. ಪದದ ಧ್ವನಿಸಾಮ್ಯವನ್ನು ಸಂಬಂಧವೆಂದು ಬಗೆಯುವ ಈ ವಿಧಾನವನ್ನು ಭಾಷಾವಿಜ್ಞಾನದ ಮೊದಲ ವರ್ಷದ ವಿದ್ಯಾರ್ಥಿಯೂ ಒಪ್ಪಲಾರನು. ಅದಕ್ಕಿಂತ ಮುಖ್ಯವಾದ ದೋಷ ನೈತಿಕವಾದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಬಿಳಿಯರು ಓಹಾಯೊ, ಮಿಸಿಸಿಪ್ಪಿ ಕಣಿವೆಗಳ ಬೃಹತ್ ಮಣ್ಣಿನ ದಿಬ್ಬಗಳನ್ನು ಕಂಡು, ಇವನ್ನು ಈ 'ಕಾಡುಜನ' ಕಟ್ಟಿರಲಾರರು, ಎಲ್ಲಿಂದಲೋ ಬಂದ ಬೇರೆ ಜನಾಂಗವೇ ಕಟ್ಟಿರಬೇಕು ಎಂದು ನಂಬಿಕೊಂಡಿದ್ದರು. 1894ರಲ್ಲಿ ಸೈರಸ್ ಥಾಮಸ್ ತನ್ನ ವರದಿಯಲ್ಲಿ ಆ ದಿಬ್ಬಗಳು ಮೂಲನಿವಾಸಿಗಳ ಪೂರ್ವಜರವೇ ಎಂದು ಸಾಬೀತುಪಡಿಸುವವರೆಗೆ ಈ ಮಿಥ್ಯೆ ನೆಲ ಕಸಿಯುವುದಕ್ಕೆ ಒತ್ತಾಸೆಯಾಗಿತ್ತು. ಒಬ್ಬ ಅವರ ನೆಲವನ್ನು ಕಂಡುಹಿಡಿದೆನೆನ್ನುತ್ತಾನೆ, ಇನ್ನೊಬ್ಬ ಅವರ ದೇಗುಲವನ್ನು ತನ್ನ ಅಜ್ಜ ಕಟ್ಟಿದನೆನ್ನುತ್ತಾನೆ. ಎರಡೂ ಅವರಿಂದ ಕರ್ತೃಪದವನ್ನು ಕಸಿಯುವ ಕೆಲಸವೇ. ಇಂಥ ಹೆಮ್ಮೆ ನಮಗೆ ಬೇಡ.

ಆ ಜನರೊಡನೆ ನಮಗೆ ನಿಜವಾದ ಸಂಬಂಧವೊಂದಿದೆ. ಅದು ಸಾಲದ ಸಂಬಂಧ. ಮೆಣಸಿನಕಾಯಿ, ಮುಸುಕಿನ ಜೋಳ, ಆಲೂಗಡ್ಡೆ, ಕಡಲೆಕಾಯಿ, ಗೇರು, ಸೀಬೆ, ಸೀತಾಫಲ ಇವೆಲ್ಲ ಆ ಜನರು ಸಾವಿರಾರು ವರ್ಷ ಸಾಕಿ ಸಲಹಿದ ಬೆಳೆಗಳು. ಉತ್ತರ ಕರ್ನಾಟಕದವರು 'ಬಟಾಟಿ' ಎನ್ನುವಾಗ ಬಾಯಿಗೆ ಬರುವುದು ಪೋರ್ಚುಗೀಸರ ಮೂಲಕ ಬಂದ ತೈನೊ ಪದ. 'ಟೊಮೇಟೊ' ಎನ್ನುವಾಗ ಬರುವುದು ನಹುವಾಟ್ಲ್ ಪದ. ಪಪ್ಪಾಯಿಯನ್ನು ನಾವು 'ಪರಂಗಿ ಹಣ್ಣು' ಎಂದು ಕರೆದು, ತಂದುಕೊಟ್ಟ ಪರಂಗಿಯವನ ಹೆಸರನ್ನು ನೆನಪಿಟ್ಟೆವು, ಬೆಳೆಸಿದವನನ್ನು ಮರೆತೆವು. ಇದನ್ನು ಚರಿತ್ರಕಾರರು 'ಕೊಲಂಬಿಯನ್ ವಿನಿಮಯ' ಎಂದು ಕರೆಯುತ್ತಾರೆ. ಕೊಡುವುದೂ ಕೊಳ್ಳುವುದೂ ಒಪ್ಪಿಗೆಯಿಂದ ನಡೆದರೆ ವಿನಿಮಯ; ಜೋಳ ಕೊಟ್ಟವನಿಗೆ ಸಿಡುಬೂ ಸಂಕೋಲೆಯೂ ಸಿಕ್ಕಿದ ವ್ಯವಹಾರಕ್ಕೆ ಆ ಹೆಸರು ಸಲ್ಲದು.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ಕೊಲಂಬಸನು 1492ರಲ್ಲಿ ಕೆರಿಬಿಯನ್ ದ್ವೀಪಗಳಿಗೆ ಬಂದನು ಎಂದು ಬರೆಯೋಣ. 'ಬಂದನು' ಎಂಬುದು ಸತ್ಯವಾದ ಕ್ರಿಯಾಪದ. ಅದಕ್ಕೆ ಯಾರ ಆಕ್ಷೇಪವೂ ಇರಲಾರದು. ಎರಡನೆಯದಾಗಿ, 'ರೆಡ್ ಇಂಡಿಯನ್ನರು' ಎಂಬ ಹೆಸರನ್ನು ಕೈಬಿಡೋಣ. ಅದು ದಾರಿ ತಪ್ಪಿದ ನಾವಿಕನೊಬ್ಬನ ಭ್ರಮೆಗೆ ಮೈಬಣ್ಣವನ್ನು ಅಂಟಿಸಿದ ಹೆಸರು. ತೈನೊ, ನಹುವಾ, ಕಿಚೆ, ಕೆಚುವಾ, ಚೆರೋಕಿ, ಲಕೋಟ ಎಂದು ಆಯಾ ಜನರ ಹೆಸರುಗಳನ್ನೇ ಬಳಸೋಣ. ಮೂರನೆಯದಾಗಿ, ಲಾಸ್ ಕಾಸಾಸನನ್ನು ಉಲ್ಲೇಖಿಸುವ ಪ್ರಬಂಧ ಗುವಾಮನ್ ಪೋಮನನ್ನೂ ಉಲ್ಲೇಖಿಸಲಿ. ಮಾರ್ಗದರ್ಶಕರು ಅದನ್ನು ಕೇಳಿ ಪಡೆಯಲಿ. ನಾಲ್ಕನೆಯದಾಗಿ, ಆ ಜನರ ಬಗ್ಗೆ ಭೂತಕಾಲದಲ್ಲಿ ಮಾತ್ರ ಬರೆಯುವ ಅಭ್ಯಾಸ ನಿಲ್ಲಲಿ. ಕೆಚುವಾ ಭಾಷೆಯನ್ನು ಇಂದು ಸುಮಾರು 80 ಲಕ್ಷ ಜನ, ನಹುವಾಟ್ಲನ್ನು 15 ಲಕ್ಷಕ್ಕೂ ಹೆಚ್ಚು ಜನ ಆಡುತ್ತಾರೆ. ಪರಾಗ್ವೆಯಲ್ಲಿ ಗ್ವಾರನಿ ಅಧಿಕೃತ ಭಾಷೆ. ಕಿಚೆ ಜನಾಂಗದ ರಿಗೊಬೆರ್ತಾ ಮೆಂಚು ಅವರಿಗೆ ಕೊಲಂಬಸ್ ಬಂದ ಐನೂರನೆಯ ವರ್ಷವಾದ 1992ರಲ್ಲಿಯೇ ನೊಬೆಲ್ ಶಾಂತಿ ಪುರಸ್ಕಾರ ಬಂತು. ಅವರು ಅಳಿದುಹೋದರೆಂದು ಬರೆಯುವುದು ಮಾಡಿದವರ ಹೆಸರನ್ನು ಮುಚ್ಚುತ್ತದೆ. ಬದುಕಿರುವವರ ಮುಖಕ್ಕೆ ಬಾಗಿಲನ್ನೂ ಹಾಕುತ್ತದೆ.

ಇದರಲ್ಲಿ ಯಾವುದಕ್ಕೂ ಹೊಸ ಅನುದಾನ ಬೇಕಾಗಿಲ್ಲ, ಪಠ್ಯಕ್ರಮ ಸಮಿತಿಯ ನಿರ್ಣಯಕ್ಕಾಗಿ ಕಾಯಬೇಕಾಗಿಯೂ ಇಲ್ಲ. ಈ ವಾರ ಪ್ರಬಂಧದ ಪೀಠಿಕೆ ಬರೆಯುತ್ತಿರುವ ಸಂಶೋಧಕ ಒಂದು ಪದವನ್ನು ಹೊಡೆದುಹಾಕಿ ಇನ್ನೊಂದನ್ನು ಬರೆದರೆ ಸಾಕು. ಕೇಶಿರಾಜನ ಕಾಲದಿಂದ ಧಾತು, ಪ್ರತ್ಯಯಗಳನ್ನು ಅಳೆದು ತೂಗಿದ ಭಾಷೆ ನಮ್ಮದು. ಯಾರು ಮಾಡಿದರು, ಯಾರಿಂದ ಮಾಡಿಸಿದರು, ಯಾರಿಗೆ ಆಯಿತು ಎಂಬುದನ್ನು ಬೇರೆಬೇರೆಯಾಗಿ ಹೇಳುವ ಶಕ್ತಿ ಅದಕ್ಕಿದೆ. ಆ ಶಕ್ತಿಯನ್ನು ದೂರದ ಒಂದು ಅನ್ಯಾಯದ ವಿಷಯದಲ್ಲಿ ಬಳಸದವರು ಹತ್ತಿರದ ಅನ್ಯಾಯ ಎದುರಾದಾಗ ಬಳಸಿಯಾರೆಂದು ನಂಬುವುದು ಕಷ್ಟ.